ಓದುಗರ ಸ್ಪಂದನ: ಒಬ್ಬಳೇ ಹುಬ್ಬಳ್ಳಿಗೆ ಹೋಗಲಾ?

ಕಳೆದ ಸಂಚಿಕೆಯ ಸಮಸ್ಯೆ: ನನಗೆ 28 ವರ್ಷ. ಊರು ತುಮಕೂರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಕಂಪನಿಯವರು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹೊಸ ಆಫೀಸ್ ತೆರೆದಿದ್ದಾರೆ. ಅದೇ ಸಂಬಳಕ್ಕೆ ಅಲ್ಲಿಗೆ ಹೋಗ್ತೀರಾ ಅಂತ ಕೇಳಿದ್ದಾರೆ. ಬೆಂಗಳೂರಿನ ಬಾಡಿಗೆ, ಟ್ರಾಫಿಕ್ ಎರಡೂ ಸಾಕಾಗಿವೆ, ಹೋಗೋಕೆ ಮನಸ್ಸಿದೆ. ಆದರೆ ಆ ಕಡೆ ನನಗೆ ಒಬ್ಬರೂ ಪರಿಚಯವಿಲ್ಲ. ಮದುವೆಯಾಗದ ಹುಡುಗಿಗೆ ಮನೆ ಕೊಡ್ತಾರಾ? ಆಫೀಸ್ ಮುಗಿದ ಮೇಲೆ ಮಾಡೋದೇನು? ಕರಿಯರ್ ಅಲ್ಲೇ ನಿಂತುಹೋಗುತ್ತಾ? ಹುಬ್ಬಳ್ಳಿಯಲ್ಲಿ ಇರೋದು ಒಳ್ಳೇದಾ, ಧಾರವಾಡದಲ್ಲಾ?

ಮೊದಲು ನಳದ ವಿಚಾರ ಕೇಳಿ

ನಾನೂ ಶಿವಮೊಗ್ಗ ಕಡೆಯಿಂದ ಬಂದು ಇಲ್ಲಿ ಒಬ್ಬಳೇ ಇರುವವಳು. ನೀವು ಊರಿನ ಬಗ್ಗೆ ಜಾಸ್ತಿ ಯೋಚನೆ ಮಾಡಿದ್ದೀರಿ, ಏರಿಯಾದ ಬಗ್ಗೆ ಏನೂ ಕೇಳಿಲ್ಲ. ಹುಬ್ಬಳ್ಳಿಯಲ್ಲಿ ಯಾವ ಓಣಿಯಲ್ಲಿ ಮನೆ ಸಿಕ್ಕಿತು ಅನ್ನೋದರ ಮೇಲೆ ಅರ್ಧ ಸುಖ-ದುಃಖ ನಿಂತಿದೆ.

ಮನೆ ನೋಡೋಕೆ ಹೋದಾಗ ಬಾಡಿಗೆ ಎಷ್ಟು ಅಂತ ಕೇಳುವ ಮೊದಲೇ "ನಳ ಎಷ್ಟು ದಿನಕ್ಕೊಮ್ಮೆ ಬರ್ತದ್ರಿ?" ಅಂತ ಕೇಳಿ. ಇಲ್ಲಿಗೆ ಕುಡಿಯುವ ನೀರು ಬರೋದು ಹೆಚ್ಚಾಗಿ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ. ಕೆಲವು ವಾರ್ಡ್‌ಗಳಲ್ಲಿ 2008ರಿಂದಲೇ ದಿನದ 24 ಗಂಟೆಯೂ ನೀರು ಬರುತ್ತಿದೆ. ಅದೇ ಊರಿನ ಇನ್ನೊಂದು ಓಣಿಯಲ್ಲಿ ದಿನಗಟ್ಟಲೆ ಕಾಯಬೇಕು. ಸಂಪ್ ಎಷ್ಟು ದೊಡ್ಡದು, ಮೇಲಿನ ಟ್ಯಾಂಕ್ ನಿಮಗೊಬ್ಬರಿಗೇನಾ ಅಥವಾ ಕೆಳಗಿನವರಿಗೂ ಸೇರಿದ್ದಾ, ಬೋರ್ ಇದೆಯಾ, ಎಲ್ಲಾ ಕೇಳಿ. ನಳ ಬರೋದು ನೀವು ಆಫೀಸ್‌ನಲ್ಲಿರುವಾಗಲೇ ಅಂತ ಅಂದುಕೊಳ್ಳಿ. ಒಬ್ಬರೇ ಇರುವವರಿಗೆ ಇದೇ ಪಜೀತಿ, ಮೋಟರ್ ಹಾಕೋಕೆ ಮನೆಯಲ್ಲಿ ಇನ್ನೊಬ್ಬರಿರಲ್ಲ.

ನನಗೆ ಕೆಳಗಿನ ಮನೆಯ ಕಾಕು ಪರಿಚಯ ಆಗಿದ್ದೇ ಹೀಗೆ. ಮೀಟಿಂಗ್ ನಡುವೆ ಫೋನ್ ಬರುತ್ತೆ. "ತಂಗೀ, ನಳ ಬಂದಾವ. ನಿಂದೂ ಮೋಟರ್ ಚಾಲೂ ಮಾಡೀನಿ, ಆರಾಮ ಕೆಲಸ ಮಾಡು." ಅಷ್ಟೇ ಮಾತು, ಫೋನ್ ಕಟ್. ಬೆಂಗಳೂರಿನಲ್ಲಿ ಎದುರಿನ ಫ್ಲ್ಯಾಟ್‌ನವರ ಹೆಸರೂ ನನಗೆ ಗೊತ್ತಿರಲಿಲ್ಲ.

ಆಫೀಸ್ ಗೋಕುಲ ರಸ್ತೆಯಲ್ಲಿ ಅಂದರೆ ಮೊದಲ ವರ್ಷ ಹುಬ್ಬಳ್ಳಿಯಲ್ಲೇ ಇರಿ. ವಿದ್ಯಾನಗರ, ಶಿರೂರ ಪಾರ್ಕ್, ಅಕ್ಷಯ ಪಾರ್ಕ್ ಸುತ್ತಮುತ್ತ ನೋಡಿ. ಧಾರವಾಡ ಚೆಂದ, ನಿಜ. ಆದರೆ ಚಿಗರಿ ಅನ್ನೋ ಎಸಿ ಬಸ್ ಓಡೋದು ಹುಬ್ಬಳ್ಳಿ-ಧಾರವಾಡದ ಮೇನ್ ರೋಡಿನಲ್ಲಿ. ನೀವು ಹೊಸೂರಿನಲ್ಲಿ ಇಳಿದು ಮತ್ತೆ ಆಟೋ ಹಿಡಿಯಬೇಕು. ಅಲ್ಲಿಗೆ ಬೆಂಗಳೂರು ಬಿಟ್ಟು ಬಂದು ಪ್ರಯೋಜನ ಏನಾಯ್ತು? ಇನ್ನೊಂದು, ಶಕ್ತಿ ಯೋಜನೆ ಎಸಿ ಬಸ್‌ಗೆ ಇಲ್ಲ. ಚಿಗರಿಗೆ ಟಿಕೆಟ್ ತಗೊಳ್ಳಲೇಬೇಕು.

ಧೂಳಿನ ಬಗ್ಗೆ ಯಾರಾದರೂ ಹೆದರಿಸಿದರೆ ನಂಬಿ, ಅವರು ಸುಳ್ಳು ಹೇಳ್ತಿಲ್ಲ. ಚೆನ್ನಮ್ಮ ಸರ್ಕಲ್ ಸುತ್ತ ಮೇಲ್ಸೇತುವೆ ಕೆಲಸ ಶುರುವಾದ ಮೇಲಂತೂ ಕೇಳೋದೇ ಬೇಡ. ಸ್ಕೂಟಿ ತಂದರೆ ಮುಖಕ್ಕೆ ಸ್ಕಾರ್ಫೂ ತನ್ನಿ.

– ಖಾಸಗಿ ಕಂಪನಿ ಉದ್ಯೋಗಿ, ವಿದ್ಯಾನಗರ, ಹುಬ್ಬಳ್ಳಿ

ನಾವು ಯಾಕೆ ಕೇಳ್ತೀವಿ ಅಂದರೆ

ಮಗಳೇ, ನಾನು ನಿವೃತ್ತ ಶಿಕ್ಷಕಿ. ಮಾಳಮಡ್ಡಿಯಲ್ಲಿ ಮೇಲಿನ ಮನೆ ಬಾಡಿಗೆಗೆ ಕೊಡ್ತಾ ಬಂದಿದ್ದೇನೆ. ಒಬ್ಬಳೇ ಇರುವ ಹುಡುಗಿಗೆ ಮನೆ ಸಿಗುತ್ತದೆ. ಒಂಟಿ ಹುಡುಗರಿಗಿಂತ ಬೇಗ ಸಿಗುತ್ತದೆ, ಇದನ್ನು ಬರೆದಿಟ್ಟುಕೋ. ಆದರೆ ಪ್ರಶ್ನೆಗಳಿಗೆ ಸಿದ್ಧವಾಗಿ ಬಾ. ಯಾವ ಊರು, ಅಪ್ಪ ಏನು ಮಾಡ್ತಾರೆ, ಲಗ್ನ ಆಗೇತೇನು, ಯಾಕೆ ಆಗಿಲ್ಲ, ಮನೆಗೆ ಯಾರು ಯಾರು ಬರ್ತಾರೆ. ಇಷ್ಟೂ ಚಹಾ ಕಪ್ಪು ಖಾಲಿಯಾಗೋದರ ಒಳಗೆ ಕೇಳಿ ಮುಗಿಸ್ತೇವೆ. ಮೊಟ್ಟೆ-ಮಾಂಸ ಮಾಡ್ತೀರೇನು ಅಂತ ನೇರವಾಗಿ ಕೇಳುವವರಿದ್ದಾರೆ. "ನಿಮ್ಮ ಪೈಕಿ ಯಾರು?" ಅಂತ ಸುತ್ತಿಬಳಸಿ ಜಾತಿ ಕೇಳುವವರೂ ಇದ್ದಾರೆ. ಅದು ನನಗೆ ಸರಿಕಾಣೋದಿಲ್ಲ. ಆದರೆ ಅಂಥವರೇ ಇಲ್ಲ ಅಂತ ಹೇಳಿ ನಿನ್ನನ್ನು ಕರೆಸಿಕೊಳ್ಳೋದೂ ಸರಿಯಲ್ಲ. ಅಂಥ ಮನೆಯಲ್ಲಿ ವಾದಕ್ಕೆ ನಿಲ್ಲಬೇಡ, ಚಹಾ ಕುಡಿದು ಎದ್ದು ಬಾ. ಪಕ್ಕದ ಓಣಿಯಲ್ಲೇ ಇನ್ನೊಂದು ಮನೆ ಇರುತ್ತದೆ.

ಉಳಿದ ಪ್ರಶ್ನೆಗಳನ್ನು ಮಾತ್ರ ತಪ್ಪು ತಿಳಿಯಬೇಡ. ನಾಳೆ ನಿನಗೆ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ನಮಗೆ ಗೊತ್ತಿರಬೇಕಲ್ಲ?

ಮೊಬೈಲ್ ಆ್ಯಪ್‌ನಲ್ಲಿ ಹುಡುಕಿದರೆ ಹೊಸ ಅಪಾರ್ಟ್‌ಮೆಂಟ್‌ಗಳೇ ಸಿಗುತ್ತವೆ, ದಲಾಲರ ಕಮಿಷನ್ ಬೇರೆ. ನಮ್ಮಂಥವರ ಮನೆಗಳು ಅದರಲ್ಲಿ ಇರೋದಿಲ್ಲ. ರಟ್ಟಿನ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದು ಗೇಟಿಗೆ ಕಟ್ಟಿರುತ್ತೇವೆ. ರವಿವಾರ ಬೆಳಗ್ಗೆ ಓಣಿ ಓಣಿ ತಿರುಗು. ಜೊತೆಗೆ ಈ ಊರಿನ ಒಬ್ಬ ಸಹೋದ್ಯೋಗಿಯನ್ನು ಕರೆದುಕೊಂಡು ಬಾ. "ಇವರು ನಮ್ಮ ಆಫೀಸಿನವರು" ಅಂತ ಪರಿಚಯದವರು ಹೇಳುವ ಒಂದು ಮಾತಿಗೆ ಇಲ್ಲಿ ಇರೋ ಬೆಲೆ ಡಿಪಾಜಿಟ್‌ಗೂ ಇಲ್ಲ. ಆದರೂ 11 ತಿಂಗಳ ಕರಾರು ಪತ್ರ ಮಾಡಿಸಿಕೊಳ್ಳದೆ ದುಡ್ಡು ಕೊಡಬೇಡ, ನನ್ನಂಥ ಮುದುಕಿಗೂ ಕೊಡಬೇಡ.

– ಮಾಳಮಡ್ಡಿ, ಧಾರವಾಡ

ಎಲ್ಲರೂ ಬಾ ಬಾ ಅಂತಾರೆ, ನಾನು ಅನ್ನಲ್ಲ

ನಾನು ಗದಗಿನವನು. ಹುಬ್ಬಳ್ಳಿಯಲ್ಲಿ ಕೆಲಸ ಮಾಡಿ, ಈಗ ವಾಪಸ್ ಬೆಂಗಳೂರಿಗೆ ಬಂದಿದ್ದೇನೆ. ಊರಿನ ಮೇಲೆ ಏನೂ ಸಿಟ್ಟಿಲ್ಲ. ಜೋಳದ ರೊಟ್ಟಿ ನೆನೆಸಿಕೊಂಡರೆ ಈಗಲೂ ಬಾಯಲ್ಲಿ ನೀರೂರುತ್ತೆ. ಆದರೆ ನೀವು ಕೇಳಿದ್ದು ಕರಿಯರ್ ಬಗ್ಗೆ. ಅದಕ್ಕೆ ಯಾರಾದರೂ ಖಾರವಾಗಿಯೇ ಉತ್ತರ ಕೊಡಬೇಕು.

ಬೆಂಗಳೂರಿನಲ್ಲಿ ಈ ಕೆಲಸ ಹೋದರೆ ರೂಮ್ ಬದಲಾಯಿಸದೆ ಇನ್ನೊಂದು ಕೆಲಸ ಸಿಗುತ್ತೆ. ಹುಬ್ಬಳ್ಳಿಯಲ್ಲಿ ಇನ್ಫೋಸಿಸ್ ಕ್ಯಾಂಪಸ್ ಇದೆ, ಐಟಿ ಪಾರ್ಕ್ ಇದೆ, ದೇಶಪಾಂಡೆ ಫೌಂಡೇಶನ್‌ನವರ ಸ್ಟಾರ್ಟಪ್ ಕೇಂದ್ರ ಇದೆ. ಸರ್ಕಾರದ 'ಬಿಯಾಂಡ್ ಬೆಂಗಳೂರು' ಯೋಜನೆಯಲ್ಲೂ ಹುಬ್ಬಳ್ಳಿ-ಧಾರವಾಡದ ಹೆಸರಿದೆ. ಎಲ್ಲಾ ಸರಿ. ಆದರೆ ನಿಮ್ಮ ಅನುಭವಕ್ಕೆ, ನಿಮ್ಮ ಸಂಬಳಕ್ಕೆ ಹೊಂದುವ ಎರಡನೇ ಬಾಗಿಲು ಎಷ್ಟಿವೆ ಅಂತ ಎಣಿಸಿ ನೋಡಿ. ನಾನಿದ್ದ ಕಂಪನಿ ಹುಬ್ಬಳ್ಳಿ ಟೀಮನ್ನು ಚಿಕ್ಕದು ಮಾಡಿದಾಗ ನನಗೆ ಉಳಿದದ್ದು ರಾತ್ರಿ ರೈಲು ಒಂದೇ.

ಹೋಗೋದೇ ಆದರೆ ಎಚ್‌ಆರ್‌ಗೆ ಮೇಲ್ ಹಾಕಿ, ಉತ್ತರವನ್ನೂ ಮೇಲ್‌ನಲ್ಲೇ ಪಡೆಯಿರಿ. ಮ್ಯಾನೇಜರ್ ಹುಬ್ಬಳ್ಳಿಯಲ್ಲಿ ಇರ್ತಾರಾ, ಬೆಂಗಳೂರಿನಲ್ಲಾ? ಮುಂದಿನ ಹೈಕ್ ಬೆಂಗಳೂರಿನ ಲೆಕ್ಕದಲ್ಲೇನಾ? ಇದು ಮುಖ್ಯ. ಈಗ ಅದೇ ಸಂಬಳ ಅಂತಾರೆ, ಮುಂದಿನ ವರ್ಷ "ಅಲ್ಲಿ ಖರ್ಚು ಕಡಿಮೆ ಅಲ್ವಾ" ಅಂತ ರಾಗ ಎಳೀತಾರೆ. ಆಫೀಸ್ ಮುಚ್ಚಿದರೆ ವಾಪಸ್ ಕರೆಸಿಕೊಳ್ತಾರಾ? ಸ್ಥಳಾಂತರಕ್ಕೆ ಏನು ಕೊಡ್ತಾರೆ? ಇನ್ಫೋಸಿಸ್‌ನವರು ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಳ್ಳುವ ಉದ್ಯೋಗಿಗಳಿಗೆ ಹುದ್ದೆಗೆ ತಕ್ಕಂತೆ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಇಟ್ಟಿದ್ದು 2024ರ ಕೊನೆಗೆ ಪೇಪರ್‌ಗಳಲ್ಲೆಲ್ಲ ಬಂದಿತ್ತು. ನಿಮ್ಮದು ಅಷ್ಟು ದೊಡ್ಡ ಕಂಪನಿ ಅಲ್ಲದೆ ಇರಬಹುದು. ಆದರೆ 'ಅದೇ ಸಂಬಳ' ಅನ್ನೋದನ್ನು ಉಪಕಾರದ ಹಾಗೆ ಹೇಳ್ತಿದ್ದರೆ ಸುಮ್ನೆ ತಲೆ ಆಡಿಸಬೇಡಿ. ನೀವು ಹೋದರೆ ಅವರಿಗೂ ಲಾಭ ಇದೆ.

– ಗದಗ (ಸದ್ಯ ಬೆಂಗಳೂರು)

ಸಂಜೆಯ ಚಿಂತೆ ಬಿಡಿ

ಹಾವೇರಿಯವನು, ಬ್ಯಾಂಕಿನಲ್ಲಿ ಕೆಲಸ, ಅವಿವಾಹಿತ. ಹುಬ್ಬಳ್ಳಿ ಬ್ರಾಂಚ್‌ಗೆ ಹೋಗಿಬಂದು ಧಾರವಾಡದಲ್ಲೇ ಇರೋದು. ಹಾಗಾಗಿ 'ಹುಬ್ಬಳ್ಳಿಯಲ್ಲೇ ಇರಿ' ಅನ್ನುವವರ ಮಾತಿಗೆ ನನ್ನ ತಕರಾರು ಇದೆ. ಚಿಗರಿಗೆ ಬೇರೆಯೇ ದಾರಿ ಇರೋದರಿಂದ 20 ಚಿಲ್ಲರೆ ಕಿಲೋಮೀಟರ್ ಒಂದು ಗಂಟೆಯೊಳಗೆ ಮುಗಿಯುತ್ತೆ. ಎಲ್ಲಾ ಸ್ಟೇಷನ್‌ನಲ್ಲಿ ನಿಲ್ಲುವ ಬಸ್ ಬಿಟ್ಟು, ಕೆಲವೇ ಕಡೆ ನಿಲ್ಲುವ ಬಸ್ ಹತ್ತಬೇಕು, ಅಷ್ಟೇ. ನವಲೂರು ದಾಟುವಾಗ ಪೇರಲದ ಸೀಜನ್ ಇದ್ದರೆ ಇಳಿಯೋಣ ಅನ್ನಿಸುತ್ತೆ.

ಸಂಜೆ ಏನು ಮಾಡೋದು ಅಂತ ಕೇಳಿದ್ದೀರಿ. ಮಾಲ್ ಬೇಕು, ಪಬ್ ಬೇಕು ಅಂದರೆ ನಿಮಗೆ ಬೇಜಾರಾಗೋದು ಖಂಡಿತ. ಹುಬ್ಬಳ್ಳಿಯಲ್ಲಿ ಮಾಲ್ ಇದೆ, ಎರಡು ಸಲ ಹೋದರೆ ನೋಡಿ ಮುಗಿಯುತ್ತೆ. ಧಾರವಾಡದಲ್ಲಿ ಸಿಗೋದೇ ಬೇರೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸಂಜೆ ಹೊತ್ತು ಏನಾದರೊಂದು ಕಾರ್ಯಕ್ರಮ ಇದ್ದೇ ಇರುತ್ತೆ. ಕೆಲವು ಭಾಷಣ ನಿದ್ದೆ ಬರಿಸುತ್ತವೆ, ಅದನ್ನೂ ಹೇಳಿಬಿಡ್ತೀನಿ. ಹಿಂದಿನ ಸಾಲಿನಲ್ಲಿ ಕೂತರೆ ಎದ್ದು ಹೋಗೋದು ಸುಲಭ. ರಂಗಾಯಣದ ನಾಟಕ, ಕರ್ನಾಟಕ ಕಾಲೇಜಿನ ಸೃಜನಾ ರಂಗಮಂದಿರದಲ್ಲಿ ಸಂಗೀತ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇದ್ದ ಊರು ಇದು. ಇಲ್ಲಿ ಕಛೇರಿಗೆ ಟಿಕೆಟ್ ಕೇಳೋದೇ ಅಪರೂಪ. ಸವಾಯಿ ಗಂಧರ್ವರ ಕುಂದಗೋಳದಲ್ಲಿ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಹಾಡೋದನ್ನು ಒಮ್ಮೆ ಕೇಳಿ. ಹಿಂದುಸ್ತಾನಿ ಗೊತ್ತಿರಬೇಕು ಅಂತೇನಿಲ್ಲ. ಪಕ್ಕದಲ್ಲಿ ಕೂತ ರೈತ ತಲೆದೂಗೋದನ್ನು ನೋಡಿದರೆ ಎಲ್ಲಿ ತಲೆದೂಗಬೇಕು ಅಂತ ಗೊತ್ತಾಗುತ್ತೆ.

ಗೆಳೆತನ ಹೇಗೆ ಆಗುತ್ತೆ ಅಂದರೆ, ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಹೋಗ್ತಾ ಇರಿ. ನಾನು ಬೆಳಗ್ಗೆ ಕೆಲಗೇರಿ ಕೆರೆ ಕಡೆ ನಡೆಯೋಕೆ ಹೋಗ್ತೀನಿ. ಮೊದಮೊದಲು ಯಾರೂ ಮಾತಾಡಿಸಲಿಲ್ಲ. ಆಮೇಲೆ ನಾಲ್ಕು ದಿನ ಊರಿಗೆ ಹೋಗಿ ಬಂದಾಗ ಒಬ್ಬ ಹಿರಿಯರು ನಿಲ್ಲಿಸಿ "ಎಲ್ಲೆ ಹೋಗಿದ್ರಿ? ಕಾಣಲೇ ಇಲ್ಲಲ್ಲ" ಅಂತ ಕೇಳಿದರು. ಹುಬ್ಬಳ್ಳಿಯಲ್ಲಿದ್ದರೆ ಉಣಕಲ್ ಕೆರೆ, ನೃಪತುಂಗ ಬೆಟ್ಟ ಇವೆ.

ಊಟದ್ದು ಸಮಸ್ಯೆಯೇ ಅಲ್ಲ. ಖಾನಾವಳಿಯಲ್ಲಿ ತಿಂಗಳ ಲೆಕ್ಕ ಹಚ್ಚಿಸಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ರೊಟ್ಟಿ ಸಾಕು ಅಂದರೂ ಬಡಿಸುವವರು ಇನ್ನೊಂದು ಅರ್ಧ ಹಾಕೇ ಹೋಗ್ತಾರೆ. ಮನೆಯಲ್ಲೇ ಉಣ್ಣೋದಾದರೆ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕಂದಿರಿದ್ದಾರೆ. ಕಟಕ್ ರೊಟ್ಟಿ ಕಟ್ಟು ತಂದಿಟ್ಟರೆ ವಾರಗಟ್ಟಲೆ ಕೆಡಲ್ಲ. ಖಾರ ಮಾತ್ರ ತುಮಕೂರಿನ ಲೆಕ್ಕದಲ್ಲಿ ಇರಲ್ಲ, ಮೊದಲೇ ಹೇಳಿದ್ದೀನಿ.

– ಬ್ಯಾಂಕ್ ನೌಕರ, ಕಲ್ಯಾಣ ನಗರ, ಧಾರವಾಡ

ರಾತ್ರಿ ಪಾಳಿ ಇದೆಯಾ?

ನಾನು ನರ್ಸ್. ನಿಮ್ಮ ಪತ್ರದಲ್ಲಿ ಕೆಲಸದ ಹೊತ್ತು ಬರೆದಿಲ್ಲ. ಟೆಸ್ಟಿಂಗ್ ಕೆಲಸದವರಿಗೆ ಕೆಲವೊಮ್ಮೆ ತಡರಾತ್ರಿಯವರೆಗೆ ಕೂರಬೇಕಾಗುತ್ತಂತೆ. ಹುಬ್ಬಳ್ಳಿ ರಾತ್ರಿ ಬೇಗ ಮಲಗುವ ಊರು. ದುರ್ಗದಬೈಲಿನಲ್ಲಿ ಗಿರಮಿಟ್ಟು, ಮಿರ್ಚಿ ತಿನ್ನುವವರ ಗದ್ದಲ ನೋಡಿ ಊರೆಲ್ಲಾ ಎಚ್ಚರ ಇದೆ ಅಂದುಕೊಳ್ಳಬೇಡಿ. ಗೋಕುಲ ರಸ್ತೆಯ ಆ ತುದಿ ಖಾಲಿ ಹೊಡೆಯುತ್ತೆ. ಆಟೋದವರು ಮೀಟರ್ ಹಾಕಲ್ಲ, ರೇಟು ಮಾತಾಡಿಯೇ ಹತ್ತಬೇಕು. ಮನೆ ಬಾಗಿಲವರೆಗೆ ಕಂಪನಿ ಕ್ಯಾಬ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಆಫೀಸ್‌ಗೆ ಹತ್ತಿರವೇ ಮನೆ ಮಾಡಿ. ಧಾರವಾಡದ ಮಾತೇ ಬೇಡ.

– ಕೇಶ್ವಾಪುರ, ಹುಬ್ಬಳ್ಳಿ

ಮದುವೆ ಪ್ರಶ್ನೆಗೆ ಒಂದು ಉತ್ತರ ಸಿದ್ಧ ಇಟ್ಟುಕೊಳ್ಳಿ

ಇಲ್ಲಿ ಬಂದ ತಿಂಗಳೊಳಗೆ ಯಾರಾದರೂ ನಿಮಗೊಂದು ಗಂಡು ಹುಡುಕಿರ್ತಾರೆ. ಕಿರಾಣಿ ಅಂಗಡಿಯ ಕಾಕಾ ಇರಬಹುದು, ಆಫೀಸಿನ ಅಕೌಂಟೆಂಟ್ ಇರಬಹುದು. ನಾನು "ಮನೆಯಾಗ ನೋಡಾಕತ್ತಾರ್ರಿ" ಅಂತ ಹೇಳಿ ಮುಗಿಸ್ತೀನಿ. ಕೇಳಿದವರಿಗೂ ಸಮಾಧಾನ, ನನಗೂ ನೆಮ್ಮದಿ. ನೋಡ್ತಿದ್ದಾರೋ ಇಲ್ಲವೋ, ಅದು ನಮ್ಮನೆ ವಿಷಯ.

ಬೆಂಗಳೂರಿನ ಗೆಳತಿಯರನ್ನು ಬಿಟ್ಟಿರೋದು ಹೇಗೆ ಅನ್ನೋದಾದರೆ, ಶುಕ್ರವಾರ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು. 2023ರಿಂದ ವಂದೇ ಭಾರತ್ ಕೂಡ ಇದೆ. ಹಬ್ಬದ ಹೊತ್ತಿಗೆ ಮಾತ್ರ ಟಿಕೆಟ್ ಮೊದಲೇ ಮಾಡಿಸಿ. ಗೆಳತಿಯರನ್ನೂ ಒಮ್ಮೆ ಇಲ್ಲಿಗೆ ಕರೆಸಿ ಗದಗ ಹತ್ತಿರದ ಲಕ್ಕುಂಡಿಯ ಹಳೇ ದೇವಸ್ಥಾನಗಳನ್ನು ತೋರಿಸಿ.

ಕಂಪನಿಯವರು ಒಪ್ಪಿದರೆ ಬೆಂಗಳೂರಿನ ರೂಮ್ ಬಿಡದೆ ಮೊದಲು ಒಂದು ತಿಂಗಳು ಬಂದು ಪೀಜಿಯಲ್ಲಿದ್ದು ನೋಡಿ. ಏಪ್ರಿಲ್-ಮೇನಲ್ಲಿ ಬೇಡ, ಆ ಸೆಕೆಗೆ ಯಾವ ಊರೂ ಇಷ್ಟ ಆಗಲ್ಲ. ಮಳೆ ಹಿಡಿದ ಮೇಲೆ ಬನ್ನಿ. ಆದರೆ ಕಾಲೇಜು ಶುರುವಾಗುವ ಹೊತ್ತಿಗೆ ಧಾರವಾಡದ ಸಪ್ತಾಪುರದ ಪೀಜಿಗಳಲ್ಲಿ ಕೋಚಿಂಗ್ ಹುಡುಗಿಯರು ತುಂಬಿರ್ತಾರೆ, ವಿದ್ಯಾನಗರದಲ್ಲಿ ಎಂಜಿನಿಯರಿಂಗ್‌ನವರು. ಮೇ ಕೊನೆಗೇ ಯಾರ ಕೈಲಾದರೂ ಅಡ್ವಾನ್ಸ್ ಕೊಡಿಸಿ ಒಂದು ಬೆಡ್ ಹಿಡಿದಿಡಿ. ಕಿಟಕಿ ಇರುವ ರೂಮೇ ಬೇಕು ಅಂತ ಫೋನಿನಲ್ಲೇ ಹೇಳಿ.

– ನವನಗರ, ಹುಬ್ಬಳ್ಳಿ