ಮೋಂಗ್ ಸಮುದಾಯದ ನಡುವೆ ಎರಡು ವರ್ಷ: ಮಿಷನರಿಯಾಗಿ ಹೊರಟ ಮಗನಿಗೆ ಏನು ಹೇಳಿ ಕಳುಹಿಸಲಿ?

ಕೇಳಿದವರು: ಯೂಟಾದಲ್ಲಿರುವ ಒಬ್ಬ ತಾಯಿ

ನಾವು ಮೈಸೂರಿನವರು, ಸಾಲ್ಟ್ ಲೇಕ್ ಸಿಟಿಯ ಹತ್ತಿರ ಬಂದು ನೆಲೆಸಿ ಹದಿನಾರು ವರ್ಷಗಳಾದವು. ಹೈಸ್ಕೂಲಿನ ಗೆಳೆಯರೊಂದಿಗೆ ಚರ್ಚಿಗೆ ಹೋಗತೊಡಗಿದ ನಮ್ಮ ಮಗ, ಹದಿನೆಂಟು ತುಂಬಿದ ಮೇಲೆ ಮಾರ್ಮನ್ ಎಂಬ ಕ್ರೈಸ್ತ ಪಂಥದ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ. ಈಗ ಅವನಿಗೆ ಮಿನ್ನೆಸೋಟದ ಸೇಂಟ್ ಪಾಲ್ ಸುತ್ತಮುತ್ತ ಎರಡು ವರ್ಷ ಮಿಷನರಿಯಾಗಿರುವಂತೆ, ಅದೂ ಲಾವೋಸ್ ಮೂಲದ ಮೋಂಗ್ ಜನರ ಭಾಷೆಯಲ್ಲಿ, ಕರೆ ಬಂದಿದೆ. ದಿನವೂ ದೇವರ ಮುಂದೆ ದೀಪ ಹಚ್ಚುವ ನಮಗೆ ಅವನ ತೀರ್ಮಾನವನ್ನು ಒಪ್ಪಿಕೊಳ್ಳುವುದು ಸುಲಭವಾಗಲಿಲ್ಲ, ಆದರೆ ತಡೆಯುವುದಿಲ್ಲ ಎಂದು ನಿಶ್ಚಯಿಸಿದ್ದೇವೆ. ಅವನು ಈಗಲೂ ಮಾಂಸ ಮುಟ್ಟುವುದಿಲ್ಲ. ಅಲ್ಲಿ ಅವನ ದಿನಗಳು ಹೇಗಿರುತ್ತವೆ, ಏನನ್ನು ತಿಳಿದುಕೊಂಡು ಹೊರಟರೆ ಒಳ್ಳೆಯದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಅಲ್ಲಿಯೇ ಮಿಷನರಿಯಾಗಿದ್ದವರು

ಅಮ್ಮ, ನಾನು 2014ರಿಂದ 2016ರವರೆಗೆ ಅದೇ ಊರಿನಲ್ಲಿ, ಅದೇ ಭಾಷೆಯಲ್ಲಿ ಮಿಷನರಿಯಾಗಿದ್ದೆ. ಹಾಸನದಲ್ಲಿ ಏಳನೇ ತರಗತಿ ಮುಗಿಸಿ ಅಮೆರಿಕಕ್ಕೆ ಬಂದವನು ನಾನು. ಶಾಲೆಯಲ್ಲಿ ಕಲಿತ ಕನ್ನಡ ವರ್ಣಮಾಲೆ ಮೋಂಗ್ ಕಲಿಯುವಾಗ ನೆರವಿಗೆ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಯೂಟಾದ ಪ್ರೊವೊ ಊರಿನ ಮಿಷನರಿ ತರಬೇತಿ ಕೇಂದ್ರದಲ್ಲಿ ನನ್ನ ಜೊತೆಗಿದ್ದ ಅಮೆರಿಕನ್ ಹುಡುಗರಿಗೆ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ಅಂತರವೇ ಕೇಳಿಸುತ್ತಿರಲಿಲ್ಲ. ಮೋಂಗ್ ಭಾಷೆಯಲ್ಲಿ ಆ ಅಂತರ ಬಹಳ ಮುಖ್ಯ. ಅವರ ರೋಮನ್ ಬರಹದಲ್ಲಿ ‘ಆರ್’ ಅಕ್ಷರವನ್ನು ಹೆಚ್ಚುಕಡಿಮೆ ನಮ್ಮ ‘ಟ’ದಂತೆಯೇ ಉಚ್ಚರಿಸಬೇಕು. ಇಷ್ಟಕ್ಕೇ ನಿಮ್ಮ ಮಗ ಬೀಗದಿರಲಿ, ಏಕೆಂದರೆ ಮುಂದೆ ಬರುವ ಧ್ವನಿಯ ಏರಿಳಿತ ನಮ್ಮನ್ನೂ ಬಿಡುವುದಿಲ್ಲ. ಪದದ ಕೊನೆಗೆ ಬರೆದಿರುವ ವ್ಯಂಜನವನ್ನು ಓದುವಂತಿಲ್ಲ, ಅದು ಧ್ವನಿಯನ್ನು ಏರಿಸಬೇಕೋ ಇಳಿಸಬೇಕೋ ಎಂದು ಸೂಚಿಸುವ ಗುರುತು ಮಾತ್ರ. ‘ಪೊ’ ಎಂಬ ಒಂದೇ ಉಚ್ಚಾರ, ಧ್ವನಿ ಬದಲಾದಂತೆ ತಂದೆಯ ತಾಯಿ, ಮುಳ್ಳು, ನೋಡು, ಎಸೆ, ಚೆಂಡು ಎಂಬ ಅರ್ಥಗಳನ್ನು ಕೊಡುತ್ತದೆ. ನಾನು ಮೊದಲ ತಿಂಗಳಲ್ಲಿ ಒಬ್ಬ ಹಿರಿಯರನ್ನು ಗೌರವದಿಂದ ‘ಅಜ್ಜಿ’ ಎನ್ನಲು ಹೋಗಿ ‘ಮುಳ್ಳು’ ಎಂದುಬಿಟ್ಟೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಊರು ಬಿಡುವವರೆಗೂ ನನ್ನನ್ನು ಮುಳ್ಳು ಎಂದೇ ಕರೆದರು.

ಭಾಷೆಗಿಂತ ದೊಡ್ಡ ತಪ್ಪೊಂದನ್ನು ನಾನು ಮಾಡಿದ್ದುಂಟು. ಒಬ್ಬ ತಾತನಿಗೆ ನಮ್ಮ ಸಭೆಯ ಪವಿತ್ರ ಪುಸ್ತಕವಾದ ಮಾರ್ಮನ್ ಗ್ರಂಥದ ಮೋಂಗ್ ಪ್ರತಿ ಕೊಟ್ಟು, ವಾರವಾರವೂ ಇಷ್ಟು ಪುಟ ಓದಿರಿ ಎಂದು ಹೇಳಿ ಬರುತ್ತಿದ್ದೆ. ಅವರು ಪ್ರತಿ ಸಲವೂ ಓದಿದೆನೆಂದು ತಲೆಯಾಡಿಸುತ್ತಿದ್ದರು. ಅವರಿಗೆ ಓದಲು ಬರುವುದಿಲ್ಲವೆಂದು ಎರಡು ತಿಂಗಳ ನಂತರ ಮೊಮ್ಮಗಳು ಬಾಗಿಲ ಬಳಿ ನಿಲ್ಲಿಸಿ ತಿಳಿಸಿದಾಗ ನಾಚಿಕೆಯಿಂದ ತಲೆ ತಗ್ಗಿಸಿದೆ. ಈ ರೋಮನ್ ಬರಹ ರೂಪುಗೊಂಡದ್ದೇ 1950ರ ದಶಕದ ಆರಂಭದಲ್ಲಿ, ಲಾವೋಸಿನಲ್ಲಿ. ಬೆಟ್ಟದ ಹಳ್ಳಿಗಳಲ್ಲಿ ಬೆಳೆದು, ಲಾವೋಸಿನಲ್ಲಿ ಅಮೆರಿಕ ಗುಟ್ಟಾಗಿ ನಡೆಸಿದ ಯುದ್ಧದಲ್ಲಿ ಅದರ ಪರವಾಗಿ ಹೋರಾಡಿ, 1975ರಲ್ಲಿ ಲಾವೋಸ್ ಕಮ್ಯುನಿಸ್ಟರ ಕೈಸೇರಿದ ಮೇಲೆ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರಗಳಲ್ಲಿ ವರ್ಷಗಟ್ಟಲೆ ಕಾದ ಆ ತಲೆಮಾರಿಗೆ ಶಾಲೆ ಎಲ್ಲಿಂದ ಬರಬೇಕು? ಆಮೇಲೆ ನಾವೇ ಗಟ್ಟಿಯಾಗಿ ಓದತೊಡಗಿದೆವು. ತಾತ ನಮ್ಮ ಉಚ್ಚಾರ ತಿದ್ದುತ್ತಿದ್ದರು. ನನಗೆ ಮೋಂಗ್ ಬಂದದ್ದು ಹಾಗೆ.

ಬಾಗಿಲ ಮೇಲೆ ಹಸಿರು ಸೊಪ್ಪಿನ ಕೊಂಬೆ ಕಟ್ಟಿದ್ದರೆ ಬಡಿಯಬಾರದು, ಏಕೆಂದರೆ ಒಳಗೆ ಪೂಜೆಯೋ ಚಿಕಿತ್ಸೆಯೋ ನಡೆದಿರುತ್ತದೆ ಮತ್ತು ಹೊರಗಿನವರು ಬರಬಾರದೆಂಬ ಸೂಚನೆ ಅದು. ಮಕ್ಕಳ ತಲೆ ಸವರುವುದೂ, ಮಗು ಎಷ್ಟು ಚೆಂದ ಎಂದು ಎದುರಿಗೇ ಹೊಗಳುವುದೂ ಬೇಡ. ದೃಷ್ಟಿ ತೆಗೆಯುವ ಮನೆಯಲ್ಲಿ ಬೆಳೆದವನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಮತಾಂತರದ ಮಾತು. ಮೋಂಗರ ಶವಸಂಸ್ಕಾರ ಹಲವು ದಿನ ನಡೆಯುತ್ತದೆ. ಬಿದಿರಿನ ಕೊಳವೆಗಳ ವಾದ್ಯವನ್ನು ನುಡಿಸುತ್ತಾರೆ. ಸತ್ತವರ ಆತ್ಮವನ್ನು ಅವರು ಬಾಳಿದ ಊರುಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ದಾಟಿಸಿ, ಹುಟ್ಟಿದ ಮನೆಯಲ್ಲಿ ಮಾಸು ಹೂತ ಜಾಗದವರೆಗೆ ದಾರಿ ತೋರಿಸುವ ಹಾಡನ್ನು ಹಾಡುತ್ತಾರೆ. ಮಗ ಬೇರೆ ಮತಕ್ಕೆ ಹೋದರೆ ಈ ದಾರಿ ತೋರಿಸುವವರು ಯಾರು ಎಂಬುದೇ ಹಿರಿಯರ ಭಯ. ನಮ್ಮ ಸಭೆಯೂ ಪೂರ್ವಜರ ಹೆಸರುಗಳನ್ನು ಹುಡುಕಿ ದೇವಾಲಯದಲ್ಲಿ ಅವರಿಗಾಗಿ ವಿಧಿ ನಡೆಸುತ್ತದೆ, ಆದ್ದರಿಂದ ಎರಡೂ ಒಂದೇ ಎಂದು ನಾನು ಉತ್ಸಾಹದಿಂದ ವಾದಿಸುತ್ತಿದ್ದೆ. ಒಂದೇ ಅಲ್ಲ. ಹಾಗೆ ಹೇಳಿದಾಗಲೆಲ್ಲ ಅವರು ಮೌನವಾಗುತ್ತಿದ್ದರು. ಅದನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಉತ್ತರ: ಸೇಂಟ್ ಪಾಲ್ ನಿವಾಸಿ

ನಾನು ಆ ಸಭೆಯವಳಲ್ಲ; ಮನೆ ಬಾಗಿಲಿಗೆ ಬಂದು ಮತ ಬೋಧಿಸುವುದು ನನಗೆ ಸರಿಕಾಣುವುದೂ ಇಲ್ಲ. ಆದರೂ ನೆರೆಯಲ್ಲಿರುವ ಮೋಂಗ್ ಕುಟುಂಬಕ್ಕೆ ಬರುವ ಬಿಳಿ ಅಂಗಿಯ ಹುಡುಗರನ್ನು ಹನ್ನೊಂದು ವರ್ಷಗಳಿಂದ ನೋಡುತ್ತಿದ್ದೇನೆ. ಅವರು ಹಿಮ ಎತ್ತಿ ಹಾಕುತ್ತಾರೆ. ಆ ಮನೆಯ ಅಜ್ಜಿಗೆ ಪೌರತ್ವ ಪರೀಕ್ಷೆಗೆ ಪಾಠ ಹೇಳಿದವರೂ ಅವರೇ; ಆಗ 100 ಪ್ರಶ್ನೆಗಳ ಪಟ್ಟಿಯಿಂದ ಹತ್ತನ್ನು ಕೇಳುತ್ತಿದ್ದರು, ಆರು ಸರಿಯಾಗಬೇಕಿತ್ತು, ಅಜ್ಜಿ ತೇರ್ಗಡೆಯಾದರು. ಅಜ್ಜಿ ಚರ್ಚಿಗೆ ಬರುವುದಿಲ್ಲವೆಂದು ತಿಳಿದ ಮೇಲೆಯೂ ಆ ಹುಡುಗರ ಒಂದು ಜೋಡಿ ಪಾಠ ಮುಂದುವರಿಸಿತು, ಅದರ ನಂತರ ಬಂದ ಜೋಡಿ ನಿಲ್ಲಿಸಿತು. ಬೀದಿಯವರೆಲ್ಲ ಇದನ್ನು ಗಮನಿಸಿದ್ದಾರೆಂದು ನಿಮ್ಮ ಮಗನಿಗೆ ತಿಳಿಸಿ.

ಅದೇ ಮನೆಯ ಕಿರಿಯ ಮಗ ದೀಕ್ಷೆ ಪಡೆದಾಗ ಅವನ ತಾಯಿ ನಮ್ಮ ಅಡುಗೆಮನೆಯಲ್ಲಿ ಕುಳಿತು, ಹೊಸವರ್ಷಕ್ಕೆ ಅವನು ಪಿತೃಗಳಿಗೆ ಎಡೆ ಇಡುತ್ತಾನೋ ಇಲ್ಲವೋ ಎಂದು ಮೂರು ಸಲ ಕೇಳಿದರು. ನಿಮ್ಮ ಪತ್ರ ಓದುವಾಗ ನನಗೆ ಅವರೇ ನೆನಪಾದರು. ನಿಮ್ಮ ಮನಸ್ಸಿಗೆ ಏನಾಯಿತೆಂಬುದನ್ನು ಮುಚ್ಚಿಡದೆ ಮಗನಿಗೆ ಹೇಳಿ ಕಳುಹಿಸಿದರೆ, ಅಂಥ ತಾಯಂದಿರ ಎದುರು ಕುಳಿತಾಗ ಅವನು ಅವಸರಪಡಲಾರ.

ಊಟದ ಬಗ್ಗೆ ಚಿಂತೆ ಬೇಡ. ಅನ್ನ, ಬೇಯಿಸಿದ ಸೊಪ್ಪು, ಕುಂಬಳ, ಖಾರದ ಮೆಣಸಿನಕಾಯಿ ಚಟ್ನಿ ಅವರ ಮನೆಗಳಲ್ಲಿ ಸಾಮಾನ್ಯ. ಚಟ್ನಿಗೆ ಮೀನಿನ ಸಾರ ಬೆರೆಸಿರುತ್ತಾರೆ, ಕೇಳಿಯೇ ಬಡಿಸಿಕೊಳ್ಳಲಿ. ಇಲ್ಲಿನ ರೈತರ ಸಂತೆಯಲ್ಲಿ ಮೋಂಗ್ ಬೆಳೆಗಾರರು ಹಾಗಲಕಾಯಿ, ಅಲಸಂದೆಕಾಯಿ, ಕೊತ್ತಂಬರಿ ಮಾರುತ್ತಾರೆ. ಚಳಿಗಾಲದ ಬೂಟುಗಳನ್ನು ಯೂಟಾದಲ್ಲಿ ಕೊಳ್ಳಬೇಡಿ, ಇಲ್ಲಿಗೆ ಬಂದ ಮೇಲೆ ಇಲ್ಲಿನವರನ್ನು ಕೇಳಿ ಕೊಳ್ಳಲಿ.

ಉತ್ತರ: ಮಗಳನ್ನು ಕಳುಹಿಸಿದ ತಾಯಿ

ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೋ ಮೂಲದವರ ನಡುವೆ ಸ್ಪ್ಯಾನಿಷ್ ಭಾಷೆಯಲ್ಲಿ ಹದಿನೆಂಟು ತಿಂಗಳು ಮಿಷನರಿಯಾಗಿದ್ದಳು. ಹುಡುಗಿಯರ ಅವಧಿ ಅಷ್ಟೇ. ಮೊದಲು ಮನೆಗೆ ಕರೆ ಮಾಡಲು ವರ್ಷಕ್ಕೆ ಎರಡೇ ಅವಕಾಶವಿತ್ತು, ಕ್ರಿಸ್ಮಸ್ ಮತ್ತು ತಾಯಂದಿರ ದಿನ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ, ಅವರ ಬಿಡುವಿನ ದಿನ, ಮಾತನಾಡಬಹುದು. ಬಟ್ಟೆ ಒಗೆಯುವುದು, ದಿನಸಿ ತರುವುದು ಎಲ್ಲವೂ ಅದೇ ದಿನವಾದ್ದರಿಂದ ಕರೆ ತಡವಾದರೆ ಗಾಬರಿಯಾಗಬೇಡಿ. ಅವನು ಒಂಟಿಯಾಗಿ ಎಲ್ಲಿಗೂ ಹೋಗುವುದಿಲ್ಲ, ಜೊತೆಗಾರ ಸದಾ ಇರುತ್ತಾನೆ. ನನ್ನ ಮಗಳು ಅತ್ತದ್ದೆಲ್ಲ ಭಾಷೆಯ ಕಷ್ಟಕ್ಕಲ್ಲ, ಎರಡನೆಯ ಜೊತೆಗಾತಿಯೊಂದಿಗೆ ಹೊಂದಿಕೆಯಾಗದೆ. ಊರೋ ಜೊತೆಗಾತಿಯೋ ಬದಲಾಗಬಹುದಾದ ವರ್ಗಾವಣೆಯ ಸಮಯ ಆರು ವಾರಗಳಿಗೊಮ್ಮೆ ಬರುತ್ತದೆಂದು ಲೆಕ್ಕ ಹಾಕಿ ಸಮಾಧಾನ ಹೇಳುತ್ತಿದ್ದೆ.

ಹೀಗೆ ಮನೆ ಬದಲಾಗುತ್ತಲೇ ಇರುವುದರಿಂದ ಚಟ್ನಿಪುಡಿಯನ್ನು ಅವನ ಕೋಣೆಯ ವಿಳಾಸಕ್ಕೆ ಕಳುಹಿಸಬೇಡಿ, ಮಿಷನ್ ಕಚೇರಿಯ ವಿಳಾಸಕ್ಕೇ ಕಳುಹಿಸಿ. ನಾನು ಕಳುಹಿಸಿದ ಮೊದಲ ಡಬ್ಬಿಯನ್ನು ಯಾರು ತಿಂದರೋ ಇಂದಿಗೂ ಗೊತ್ತಿಲ್ಲ.