ಸಹಾಯ ಬೇಕು: ಬೆವರು ಅಳೆಯೋ ಪಟ್ಟಿ ಯಾರಾದ್ರೂ ಬಳಸಿದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬಳ್ಳಾರಿ ಹತ್ತಿರ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕುಲುಮೆ ಪಕ್ಕ ಕೆಲಸ ಮಾಡ್ತಾನೆ. ಶಿಫ್ಟ್ ಮುಗಿಸಿ ಬಂದ್ರೆ ಅಂಗಿ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಕೂತಿರುತ್ತೆ. ಹೋದ ವಾರ ರಾತ್ರಿ ಎರಡೂ ಮೀನಖಂಡ ಹಿಡ್ಕೊಂಡು ಒದ್ದಾಡಿಬಿಟ್ಟ. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಇಳಿದಿತ್ತು. ದಿನವಿಡೀ ಬರೀ ನೀರೇ ಕುಡೀತಿದ್ದನಂತೆ, ಚೊಂಬುಗಟ್ಟಲೆ.

ಮೊಳಕೈ ಕೆಳಗೆ ಅಂಟಿಸೋ ಪಟ್ಟಿ ಇದೆ ಅಂತ ಓದಿದೆ. ಬೆವರು ಕೂದಲೆಳೆಯಂಥ ಕಾಲುವೆಗಳಲ್ಲಿ ಹರಿದು ಬಣ್ಣ ಬದಲಾಗುತ್ತೆ, ಫೋನಿನಲ್ಲಿ ಸ್ಕ್ಯಾನ್ ಮಾಡಿದ್ರೆ ಎಷ್ಟು ಬೆವರು, ಎಷ್ಟು ಸೋಡಿಯಂ ಹೋಯ್ತು ಅಂತ ತೋರಿಸುತ್ತೆ. ಆಟಗಾರರ ಪಾನೀಯ ಮಾಡೋ ಗೇಟೊರೇಡ್‌ನವರು 2021ರಲ್ಲಿ ಅಮೆರಿಕದಲ್ಲಿ ಬಿಟ್ಟ ಪಟ್ಟಿ ಒಂದು ಸಲ ಬಳಸಿ ಬಿಸಾಡೋದು, ಅದೂ ಆಟಗಾರರಿಗೆ ಅಂತ ಮಾಡಿದ್ದು.

ನಮ್ಮ ಕಡೆ ಇಂಥದ್ದು ತರಿಸಿದವರು ಇದ್ದೀರಾ? ಕುಲುಮೆ ಧೂಳಲ್ಲಿ, ಉದ್ದ ತೋಳಿನ ಅಂಗಿ ಒಳಗೆ ಅಂಟಿ ನಿಲ್ಲುತ್ತಾ? ಸದ್ಯ ಶಿಫ್ಟಿಗೆ ಮುಂಚೆ, ಆಮೇಲೆ ತೂಕ ನೋಡ್ತಿದ್ದೀವಿ. ಒಂದು ಕಿಲೋ ಇಳಿದ್ರೆ ಸುಮಾರು ಒಂದು ಲೀಟರ್ ಬೆವರು. ಉಪ್ಪಿನ ಲೆಕ್ಕ ಮಾತ್ರ ಅದರಲ್ಲಿ ಸಿಗಲ್ಲ. ಬೇಸಿಗೆ ಇನ್ನೂ ಪೂರ್ತಿ ಮುಂದೈತಿ, ಅವನನ್ನ ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.