ಊರಲ್ಲೊಂದು ಸುಮ್ನೆ ಕೂರುವ ತೋಟ

ಎಲ್ಲರಿಗೂ ನಮಸ್ಕಾರ. ಕೊಡಗಿನ ಮಾದಾಪುರದ ಹತ್ತಿರ ನಮ್ಮೂರಲ್ಲಿ ಮಾಡಲು ಹೊರಟಿರುವ ತೋಟದ ಬಗ್ಗೆ ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ನಿಮ್ಮ ಊರಲ್ಲೂ ಇಂಥದ್ದು ಮಾಡುವ ಆಸೆ ಇದೆ ಅಂದಿದ್ದಿರಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಜಾಗ 20 ಸೆಂಟ್. ನಮ್ಮ ಕಾಫಿ ತೋಟದ ಅಂಚಿನಲ್ಲಿ, ರಸ್ತೆಗೆ ತಾಗಿಕೊಂಡಿದೆ. 2018ರ ಆಗಸ್ಟ್‌ನಲ್ಲಿ ಆ ಕಡೆಯ ಗುಡ್ಡಗಳು ಕುಸಿದದ್ದು ನಿಮಗೆಲ್ಲ ನೆನಪಿರುತ್ತದೆ. ಮನೆ, ತೋಟ ಎರಡೂ ಕಳೆದುಕೊಂಡವರು ನಮ್ಮ ನೆಂಟರಲ್ಲೇ ಇದ್ದಾರೆ. ಇವತ್ತಿಗೂ ರಾತ್ರಿ ಜೋರು ಮಳೆ ಹಿಡಿದರೆ ಅಮ್ಮ ಮಲಗುವುದಿಲ್ಲ. ಊರಲ್ಲಿ ಹೀಗಿರುವವರು ಅವರೊಬ್ಬರೇ ಅಲ್ಲ. "ನಾಲ್ಕು ಜನ ಬಂದು ಕೂರೋಕೆ ಒಂದು ಜಾಗ ಇರಬೇಕಿತ್ತು" ಎಂದು ಅಮ್ಮನೇ ಒಂದು ದಿನ ಫೋನಿನಲ್ಲಿ ಹೇಳಿದರು. ಧ್ಯಾನ ಅನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ. ಸುಮ್ನೆ ಕೂರೋದು, ಅಷ್ಟೇ.

ಮೊದಲ ಸಲ ನಾನು ತಪ್ಪು ಮಾಡಿದೆ. ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೂತು ನಕ್ಷೆ ಬರೆದೆ. ಡಿಸೆಂಬರ್ ರಜೆಗೆ ಹೋದಾಗ ಹುಲ್ಲುಹಾಸು, ಗುಲಾಬಿ, ಬಿಳಿ ಜಲ್ಲಿಯ ಹಾದಿ ಎಲ್ಲ ಮಾಡಿಸಿದೆ. ಚೆನ್ನಾಗಿಯೇ ಕಂಡಿತು. ಆಗಸ್ಟ್‌ನಲ್ಲಿ ಮತ್ತೆ ಹೋದರೆ ಸೊಂಟದೆತ್ತರ ಕಾಡು ಬೆಳೆದಿತ್ತು. ಜಲ್ಲಿ ಕೊಚ್ಚಿಕೊಂಡು ಹೋಗಿ ಚರಂಡಿ ಸೇರಿತ್ತು. ಕಾಡು ಕೊಚ್ಚಲು ಆಳು ಸಿಗದೆ ಅಮ್ಮನೇ ದಿನಾ ಸ್ವಲ್ಪ ಸ್ವಲ್ಪ ಕತ್ತಿ ಹಿಡಿಯುತ್ತಿದ್ದರಂತೆ. ನೆಮ್ಮದಿಗೆ ಅಂತ ಮಾಡಿದ ತೋಟ ಅವರ ಸೊಂಟನೋವಿಗೆ ಕಾರಣವಾಗಿತ್ತು. ಆ ಬೇಜಾರು ನನ್ನಿಂದ ಇನ್ನೂ ಹೋಗಿಲ್ಲ.

ಹಾಗಾಗಿ ಈ ಸಲ ಗಿಡದ ಮಾತಿಗೆ ಮುಂಚೆ ಊರವರ ಜೊತೆ ಕೂತು ಒಂದೇ ವಿಷಯ ಕೇಳಿದೆ. ಮಳೆ ಬಿಟ್ಟ ಮೇಲೆ ಕತ್ತಿ ಹಿಡಿಯುವವರು ಯಾರು? ಎಷ್ಟು ದಿನ? ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಮುಗಿದ ವಾರ ಒಂದು ಬೆಳಗ್ಗೆ, ಸುಗ್ಗಿ ಹಬ್ಬವಾದ ಪುತ್ತರಿಗೆ ಮುಂಚೆ ಒಂದು ಬೆಳಗ್ಗೆ ಬರುತ್ತೇವೆ ಅಂದರು. ಆಮೇಲೆ ಕಾಫಿ ಕುಯ್ಲು ಶುರುವಾಗುತ್ತದೆ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಸರಿ, ವರ್ಷಕ್ಕೆ ಎರಡು ಬೆಳಗ್ಗೆ. ಅಷ್ಟರಲ್ಲಿ ಮುಗಿಯದ್ದು ಯಾವುದೂ ಈ ತೋಟದಲ್ಲಿ ಬೇಡ ಎಂದು ತೀರ್ಮಾನ ಮಾಡಿದೆವು. ಈ ಒಂದು ಮಾತು ಮುಂದಿನ ಎಲ್ಲವನ್ನೂ ಸುಲಭ ಮಾಡಿತು.

ಹುಲ್ಲುಹಾಸು ಹೋಯಿತು, ಗುಲಾಬಿ ಹೋಯಿತು. ಇದ್ದ ಮರಗಳು ಹಾಗೇ ಉಳಿದವು. ನೆರಳು ದಟ್ಟವಾಗಿದ್ದರೆ ಕಳೆ ಕಡಿಮೆ, ಇದು ಕಾಫಿ ಬೆಳೆಯುವವರಿಗೆ ಹೇಳಿಕೊಡಬೇಕಿಲ್ಲ. ಬಿದ್ದ ತರಗೆಲೆಯನ್ನು ಗುಡಿಸಬೇಡಿ, ಗಿಡದ ಬುಡಕ್ಕೆ ಎಳೆದು ಬಿಡಿ. ಜನವರಿಯಿಂದ ಮಾರ್ಚ್‌ವರೆಗೆ ನೀರು ಹಾಕದಿದ್ದರೂ ಅದೇ ತೇವ ಹಿಡಿದಿಡುತ್ತದೆ. ಮರದಡಿಯ ತಂಪಿನಲ್ಲಿ ಒಂದೆಲಗ, ಜರಿಗಿಡ, ಮದ್ದುಸೊಪ್ಪು (ಮಳೆಗಾಲದಲ್ಲಿ ಪಾಯಸ ಮಾಡುವ ಔಷಧಿ ಸೊಪ್ಪು). ಬಿಸಿಲು ಬೀಳುವ ಕಡೆ ದಾಸವಾಳ, ನಂದಿಬಟ್ಟಲು. ಪರಿಮಳಕ್ಕೆ ಒಂದು ಸಂಪಿಗೆ ಸಾಕು. ಮಾರ್ಚ್, ಏಪ್ರಿಲ್‌ನಲ್ಲಿ ಮಳೆ ಬಿದ್ದು ಸುತ್ತಲಿನ ಕಾಫಿ ಹೂ ಬಿಟ್ಟರೆ ಅದಕ್ಕಿಂತ ಬೇರೆ ಪರಿಮಳ ಯಾಕೆ ಬೇಕು? ಹಲಸು, ಬಾಳೆ ಮಾತ್ರ ಹೊಸದಾಗಿ ನೆಡಬೇಡಿ. ಆನೆ ಓಡಾಡುವ ಕಡೆ ಅದು ಆನೆಗೆ ಕರೆಯೋಲೆ ಕೊಟ್ಟಂತೆ.

ಇಳಿಜಾರಿನ ಬಗ್ಗೆ ನನಗೆ ರಾಜಿ ಇಲ್ಲ. ಜೆಸಿಬಿ ತಂದು ಮಟ್ಟ ಮಾಡಿಸಿದರೆ ಕೂರಲು ಚೆನ್ನಾಗಿರುತ್ತದೆ ಎಂದು ಒಬ್ಬರು ಸಲಹೆ ಕೊಟ್ಟರು. 2018 ನೋಡಿದ ಊರಲ್ಲಿ ಗುಡ್ಡದ ಬುಡ ಕಡಿಯುವ ಮಾತೇ ಬೇಡ. ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲು ಹಾಕುತ್ತೇವೆ. ಅದರ ಬೇರು ನೆಟ್ಟಗೆ ಕೆಳಗಿಳಿದು ಮಣ್ಣು ಹಿಡಿಯುತ್ತದೆ. ಮಳೆನೀರು ಅಲ್ಲೇ ನಿಲ್ಲದೆ ಹರಿದು ಹೋಗಲು ಚರಂಡಿ ಇರಬೇಕು. ಹಾದಿಗೆ ಒರಟು ಕಲ್ಲು, ಯಾಕೆಂದರೆ ನುಣುಪು ಚಪ್ಪಡಿ ಜುಲೈನಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಹಾದಿ 4 ಅಡಿ ಅಗಲ. ಎರಡೂ ಕಡೆಯ ಹುಲ್ಲು ಕಾಲಿಗೆ ತಾಗದಿದ್ದರೆ ಜಿಗಣೆ ಹತ್ತುವುದೂ ಕಡಿಮೆ.

ಮಧ್ಯದಲ್ಲಿ ಒಂದು ಹಂಚಿನ ಮಾಡು, ಗೋಡೆ ಇಲ್ಲ. ಮಳೆಗಾಲದಲ್ಲಿ ತೋಟದೊಳಗೆ ನಡೆದಾಡುವವರು ಯಾರು? ಮಾಡಿನ ಕೆಳಗೆ ಕೂತು ನೋಡಿದರೂ ಆಯ್ತು. ನೋಡುವುದಕ್ಕೂ ಬೆಲೆ ಇದೆ. 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರನ್ನು ಅವರು ಹೋಲಿಸಿ ನೋಡಿದರು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ನೋವಿಗೆ ಬಲವಾದ ಔಷಧವೂ ಅವರಿಗೆ ಕಡಿಮೆ ಸಾಕಾಯಿತು.

ದೇವರಕಾಡಿನಲ್ಲೇ ಬೆಂಚು ಹಾಕಬಹುದಲ್ವಾ ಎಂದು ಇಲ್ಲಿ ಒಬ್ಬರು ಕೇಳಿದ್ದಿರಿ. ದಯವಿಟ್ಟು ಬೇಡ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕೊಡಲಿ ಹಾಕಬಾರದು ಎಂದು ಹಿರಿಯರು ಬಿಟ್ಟಿದ್ದಕ್ಕೇ ಅವು ಇಷ್ಟಾದರೂ ಉಳಿದಿವೆ. ಹೋಗಿ ಕೈಮುಗಿದು, ಸ್ವಲ್ಪ ಹೊತ್ತು ನಿಂತು ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಸ್ಕೂಲಿಗೆ ದೊಡ್ಡ ರಜೆ ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವ ತನಕ. ಊರಲ್ಲಿ ಆಗ ಕೊಡವರ ಕಕ್ಕಡ ತಿಂಗಳು, ಜಡಿಮಳೆ. ಮೊದಲೆಲ್ಲ ಮಕ್ಕಳು ಒಳಗೇ ಕೂತು ಬೇಜಾರು ಮಾಡಿಕೊಳ್ಳುತ್ತಿದ್ದರು. ಆದರೆ ಗಿಡದ ಕಡ್ಡಿ ಬೇರು ಬಿಡಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಹೋದ ವರ್ಷ ರೈನ್‌ಕೋಟ್ ಹಾಕಿಸಿ ಇಬ್ಬರಿಗೂ ಮದ್ದುಸೊಪ್ಪಿನ ಕಡ್ಡಿ ಕೊಟ್ಟೆವು. ಹಾದಿಯ ಅಂಚಿಗೆ ಚುಚ್ಚಿದರು. ಆಗಸ್ಟ್ 3, ಕಕ್ಕಡ ಹದಿನೆಂಟರಂದು ಅಜ್ಜಿ ಆ ಸೊಪ್ಪು ಬೇಯಿಸಿ, ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡಿದರು. ಮಾರನೇ ದಿನ ಉಚ್ಚೆ ಕೆಂಪಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಮಗ ಬೆಳಗ್ಗೆ ಎದ್ದವನೇ ಬಚ್ಚಲಿಗೆ ಓಡಿದ. ಲೀಡ್ಸ್‌ಗೆ ಬಂದ ಮೇಲೂ ವಿಡಿಯೋ ಕಾಲ್‌ನಲ್ಲಿ ಅವನ ಮೊದಲ ಪ್ರಶ್ನೆ, "ಅಜ್ಜಿ, ನನ್ನ ಗಿಡ ಬಂತಾ?" ಕನ್ನಡದಲ್ಲೇ ಕೇಳುತ್ತಾನೆ.

ಕಲ್ಲುಬೆಂಚು ಎರಡು ಸಾಕು ಎಂದುಕೊಂಡಿದ್ದೇವೆ. ನನ್ನ ನಕ್ಷೆಯಲ್ಲಿ ಎರಡೂ ಗುಡ್ಡದ ಕಡೆ ತಿರುಗಿದ್ದವು, ಅಲ್ಲಿಂದ ದೂರದವರೆಗೆ ಕಾಣುತ್ತದೆ ಅಂತ. ಹೋದ ಭಾನುವಾರ ಮಗಳು ಅದನ್ನು ಅಜ್ಜಿಗೆ ತೋರಿಸಿ, "ಹೀಗೆ ಸರಿ ಇದೆಯಾ?" ಎಂದು ಕೇಳಿದಳು. ನಾನು ಅಷ್ಟು ದಿನದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಕಡೆ ಬೇಡ ಪುಟ್ಟಿ. ಕುಸಿದ ಜಾಗ ಕಾಣುತ್ತೆ. ನೇರಳೆ ಮರದ ಕಡೆ ತಿರುಗಿಸು" ಅಂದರು. ಮಗಳು ಅಲ್ಲೇ ಅಳಿಸಿ, ಮತ್ತೆ ಬರೆದು ತೋರಿಸಿದಳು.